ಮಗುವಿಗೆ ಅಪರೂಪದ ಹೆಸರಿಡ್ತಿದ್ದೀರಾ? ಜನನ ಪ್ರಮಾಣಪತ್ರಕ್ಕೆ ಕೊಡುವ ಮೊದಲು ಸ್ಪೆಲ್ಲಿಂಗ್ ಗಟ್ಟಿ ಮಾಡ್ಕೊಳ್ಳಿ

ಮಂಜುನಾಥ, ರಮೇಶ, ಗೀತಾ, ಲಕ್ಷ್ಮಿ ಅಂತ ಹೆಸರಿಡುವವರು ಈಗ ಕಡಿಮೆ. ಋತ್ವಿಕ್, ದ್ವಿತಿ, ಜ್ಞಾನವಿ, ಮೇಧಾ, ಇಂಚರ ಅಂತ ಅಪರೂಪದ ಹೆಸರು ಹುಡುಕುವವರೇ ಜಾಸ್ತಿ. ತೊಟ್ಟಿಲು ಶಾಸ್ತ್ರದ ದಿನ ಎಲ್ಲರೂ "ಹೆಸರು ಚೆನ್ನಾಗಿದೆ" ಅಂತಾರೆ. ತೊಂದರೆ ಕಾಣಿಸಿಕೊಳ್ಳೋದು ಕೆಲವು ವರ್ಷ ಕಳೆದ ಮೇಲೆ. ಜನನ ಪ್ರಮಾಣಪತ್ರದಲ್ಲಿ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಆಗ ಮನೆಯವರು ಕೆಲಸ ಬಿಟ್ಟು ಆಧಾರ್ ಕೇಂದ್ರ, ಶಾಲೆ, ನೋಂದಣಿ ಕಚೇರಿ ಅಂತ ಅಲೆಯಬೇಕಾಗುತ್ತದೆ.

ಹೆಸರು ಯಾವುದಾದರೂ ಇರಲಿ, ಅದು ಹೆತ್ತವರ ಇಷ್ಟ. ಆದರೆ ಕನ್ನಡದಲ್ಲಿ ಹೇಗೆ, ಇಂಗ್ಲಿಷ್‌ನಲ್ಲಿ ಹೇಗೆ ಬರೆಯಬೇಕು ಅನ್ನೋದು ಮೊದಲ ಅರ್ಜಿ ತುಂಬುವ ಮುಂಚೆಯೇ ತೀರ್ಮಾನ ಆಗಿರಬೇಕು.

ಈಗ ಯಾಕೆ ಇಷ್ಟು ಮುಖ್ಯ?

ಜನನ ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೆ 2023ರಲ್ಲಿ ತಿದ್ದುಪಡಿಯಾಗಿ, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಶಾಲಾ ಪ್ರವೇಶ, ಆಧಾರ್, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಮದುವೆ ನೋಂದಣಿ, ಸರ್ಕಾರಿ ನೌಕರಿ ಎಲ್ಲಕ್ಕೂ ಅದನ್ನೇ ಕೇಳ್ತಾರೆ. ಹಾಗಾಗಿ ಅದರಲ್ಲಿ ಹೆಸರು ತಪ್ಪಾಗಿ ಕೂತರೆ ಆ ತಪ್ಪು ಮುಂದಿನ ದಾಖಲೆಗಳಿಗೂ ಸಾಗುತ್ತದೆ.

ಅವಸರ ಬೇಡ, ಸಮಯ ಇದೆ

ಜನನವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು ಅನ್ನೋದು ಗೊತ್ತಿರುವ ವಿಷಯ. ಇದನ್ನು ಕೇಳಿ ಎಷ್ಟೋ ಜನ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗಲೇ ಬಾಯಿಗೆ ಬಂದ ಹೆಸರು ಕೊಟ್ಟುಬಿಡ್ತಾರೆ. ಹಾಗೆ ಮಾಡಬೇಕಾಗಿಲ್ಲ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದಾದ ಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ.

ಒಮ್ಮೆ ಹೆಸರು ಸೇರಿದ ಮೇಲೆ ಮಾತ್ರ ಕಷ್ಟ. ಬರವಣಿಗೆಯ ತಪ್ಪನ್ನು ನೋಂದಣಾಧಿಕಾರಿ ದಾಖಲೆ ನೋಡಿ ತಿದ್ದಬಹುದು. ಆದರೆ "ಈ ಹೆಸರು ಬೇಡ, ಬೇರೆ ಹಾಕಿ" ಅಂದರೆ ಅಷ್ಟು ಸುಲಭಕ್ಕೆ ಆಗಲ್ಲ. ಇಟ್ಟ ಹೆಸರು ಜ್ಯೋತಿಷ್ಯದ ಪ್ರಕಾರ ಸರಿ ಇಲ್ಲ ಅಂತ ಬದಲಿಸಲು ಹೊರಟ ಹೆತ್ತವರ ಪ್ರಕರಣವೊಂದು ಕರ್ನಾಟಕ ಹೈಕೋರ್ಟ್ ಮೆಟ್ಟಿಲನ್ನೂ ಏರಿತ್ತು.

ಕನ್ನಡದಲ್ಲಿ: ಒಂದು ಬಾಲ ತಪ್ಪಿದರೆ ಅರ್ಥವೇ ಬೇರೆ

ಮೊದಲು ಕನ್ನಡದಲ್ಲಿ ಸರಿಯಾಗಿ ಬರೆದುಕೊಳ್ಳಿ. ಧನ ಅಂದರೆ ಐಶ್ವರ್ಯ, ದನ ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿರೋದು. ಶಂಕರ ಅಂದರೆ ಶುಭ ಮಾಡುವವನು, ಸಂಕರ ಅಂದರೆ ಬೆರಕೆ. ಮೇಧಾ ಅಂದರೆ ಬುದ್ಧಿಶಕ್ತಿ, ಅದೇ ಮಹಾಪ್ರಾಣ ಬಿಟ್ಟರೆ ಮೇದಸ್ಸು, ಅಂದರೆ ಕೊಬ್ಬು. ಆದ್ಯಾ ಅಂದರೆ ಮೊದಲನೆಯವಳು. ಅದನ್ನು "ಆಧ್ಯಾ" ಅಂತ ಬರೆದರೆ ಆ ಅರ್ಥ ಉಳಿಯಲ್ಲ.

ಮೊಬೈಲ್‌ನಲ್ಲಿ ಸಿಗುವ ಹೆಸರಿನ ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ "ದೇವರ ಆಶೀರ್ವಾದ", "ಬೆಳಕು" ಅಂತ ಅರ್ಥ ಕೊಟ್ಟಿರ್ತಾರೆ. ಅದನ್ನೇ ನಂಬಬೇಡಿ. ಒಂದು ಕನ್ನಡ ನಿಘಂಟು ನೋಡಿ, ಇಲ್ಲವೇ ನಿಮ್ಮೂರ ಶಾಲೆಯ ಕನ್ನಡ ಮೇಷ್ಟ್ರನ್ನು ಕೇಳಿ. ಇಂಚರ, ನೇಸರ, ಚಿಗುರು ಥರದ ಅಚ್ಚಗನ್ನಡ ಹೆಸರುಗಳಲ್ಲಿ ಮಹಾಪ್ರಾಣದ ಗೊಂದಲ ಇಲ್ಲ, ಅಜ್ಜಿಯ ನಾಲಿಗೆಗೂ ಸಲೀಸು.

ನಕ್ಷತ್ರದ ಅಕ್ಷರ ಕಷ್ಟದ್ದು ಬಂದರೆ?

27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ ಅಥವಾ ಣ ಇಂದ ಶುರುವಾಗುವ ಹೆಸರನ್ನು ಎಲ್ಲಿಂದ ತರೋದು? ಇಲ್ಲದ ಹೆಸರನ್ನು ಹೊಸೆಯುವ ಬದಲು ಹಿರಿಯರ ದಾರಿ ಹಿಡಿಯಬಹುದು. ಜನ್ಮನಾಮ ಬೇರೆ, ವ್ಯವಹಾರನಾಮ ಬೇರೆ ಇಡುವ ಪದ್ಧತಿ ಹಿಂದಿನಿಂದಲೂ ಇದೆ. ನಕ್ಷತ್ರದ ಹೆಸರನ್ನು ನಾಮಕರಣದಲ್ಲಿ ಕಿವಿಯಲ್ಲಿ ಹೇಳಿ, ದಾಖಲೆಗೆ ಕರೆಯುವ ಹೆಸರನ್ನು ಕೊಟ್ಟರಾಯಿತು.

ಇಂಗ್ಲಿಷ್‌ನಲ್ಲಿ: ಎಲ್ಲಿ ಎಡವ್ತೀವಿ?

ಕನ್ನಡದ ಅಷ್ಟೂ ಅಕ್ಷರವನ್ನು ಇಂಗ್ಲಿಷ್‌ನ 26 ಅಕ್ಷರದಲ್ಲಿ ತುಂಬಿಸಬೇಕು. ಗೊಂದಲ ಹುಟ್ಟೋದು ಹೆಚ್ಚಾಗಿ ಇಲ್ಲಿ:

- ತ: ಲತಾ, ಅದಿತಿ ಬರೆಯುವಾಗ ನಮ್ಮ ಕಡೆ ಟಿ ಪಕ್ಕ ಎಚ್ ಹಾಕ್ತೀವಿ. ಉತ್ತರ ಭಾರತದಲ್ಲಿ ಬರೀ ಟಿ. ನಾವು ಬರೆದದ್ದನ್ನು ಅವರು "ಅದಿಥಿ" ಅಂತ ಓದ್ತಾರೆ.
- ಜ್ಞ: ಪ್ರಜ್ಞಾ, ಜ್ಞಾನವಿ ಹೆಸರಿಗೆ ಜೆ-ಎನ್, ಜಿ-ಎನ್, ಜಿ-ವೈ ಮೂರೂ ಬಳಕೆಯಲ್ಲಿವೆ.
- ಋ: ಋತ್ವಿಕ್ ಹೆಸರನ್ನು ಆರ್-ಯು ಅಂತಲೂ ಆರ್-ಐ ಅಂತಲೂ ಬರೀತಾರೆ.
- ಶ: ಶ್ರೇಯಾ ಬರೆಯುವಾಗ ಒಬ್ಬರು ಎಸ್ ಮಾತ್ರ, ಇನ್ನೊಬ್ಬರು ಎಸ್-ಎಚ್.
- ವ: ಈಶ್ವರ್, ವಿಶ್ವ ಹೆಸರಲ್ಲಿ ವಿ ಅಥವಾ ಡಬ್ಲ್ಯು.
- ದೀರ್ಘ: ಗೀತಾಗೆ ಡಬಲ್ ಇ ಹಾಕಬೇಕೋ, ಐ ಸಾಕೋ.

ಇದರಲ್ಲಿ ಯಾವುದೂ ತಪ್ಪಲ್ಲ. ಯಾವುದಾದರೂ ಒಂದನ್ನು ಆರಿಸಿ, ಎಲ್ಲ ಕಡೆ ಅದನ್ನೇ ಬಳಸಬೇಕು. ಸಂಖ್ಯಾಶಾಸ್ತ್ರ ನೋಡಿ ಇನ್ನೊಂದು ಎ, ಇನ್ನೊಂದು ಎಚ್ ಸೇರಿಸುವವರೂ ಇದ್ದಾರೆ. ಸೇರಿಸಲೇಬೇಕು ಅಂದರೆ ಮೊದಲ ದಾಖಲೆಯಲ್ಲೇ ಸೇರಿಸಿ. ಶಾಲೆಗೆ ಸೇರಿದ ಮೇಲೆ ಸೇರಿಸೋಕೆ ಹೋದರೆ ಅಲೆದಾಟ ತಪ್ಪಲ್ಲ.

ಇನಿಶಿಯಲ್ ಮರೀಬೇಡಿ

ಊರಿನ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಹಾಕೋದು ನಮ್ಮ ರೂಢಿ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ ಅನ್ನುವ ಹಾಗಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಒಂದೇ ಪದದ ಹೆಸರಿಗೂ ತೊಡಕಿದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂತ 2022ರ ನವೆಂಬರ್‌ನಲ್ಲಿ ಯುಎಇ ಹೇಳಿತ್ತು, ಆಮೇಲೆ ಸ್ವಲ್ಪ ಸಡಿಲಿಸಿತು. ತಂದೆಯ ಹೆಸರೋ ಮನೆತನದ ಹೆಸರೋ ಪೂರ್ತಿಯಾಗಿ ಸೇರಿಸುವುದಾದರೆ ಅದನ್ನೂ ಈಗಲೇ ನಿರ್ಧರಿಸಿ.

ಶಾಲೆ, ಆಧಾರ್ ಹೊಂದಾಣಿಕೆ

ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ. ಶಾಲೆಯ ದಾಖಲೆ ಮತ್ತು ಆಧಾರ್‌ನ ಹೆಸರು ತಾಳೆಯಾಗದಿದ್ದರೆ ಮಗುವಿನ ಅಪಾರ್ ಐಡಿ ಆಗಲ್ಲ, ವಿದ್ಯಾರ್ಥಿವೇತನದ ಅರ್ಜಿಗೂ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೆಸರು ಹೋಗೋದು ಶಾಲಾ ದಾಖಲೆಯಿಂದಲೇ. ಅಂಕಪಟ್ಟಿ ಪ್ರಿಂಟ್ ಆದ ಮೇಲೆ ತಿದ್ದಿಸೋದು ದೊಡ್ಡ ಕೆಲಸ. ಹಾಗಾಗಿ ಒಂದನೇ ಕ್ಲಾಸಿಗೆ ಸೇರಿಸುವಾಗಲೇ ದಾಖಲಾತಿ ಪುಸ್ತಕದಲ್ಲಿ ಬರೆದಿರೋದನ್ನು ಒಮ್ಮೆ ಓದಿ ನೋಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

1. ಹೆಸರನ್ನು ಅಂಗಳದಿಂದ ಜೋರಾಗಿ ಕೂಗಿ ನೋಡಿ. ನಾಲಿಗೆ ಹೊರಳದಿದ್ದರೆ ಶಾಲೆಯಲ್ಲೂ ಹೊರಳಲ್ಲ. ಮಕ್ಕಳು ಅದನ್ನು ಹೇಗೆ ಗೇಲಿ ಮಾಡಬಹುದು ಅಂತಲೂ ಯೋಚಿಸಿ.
2. ಫೋನಿನಲ್ಲಿ ಹೆಸರು ಹೇಳಿ, ಆ ಕಡೆಯವರಿಗೆ ಬರೆಯೋಕೆ ಹೇಳಿ. ಎರಡು ಮೂರು ಸಲ ಬಿಡಿಸಿ ಹೇಳಬೇಕಾಗಿ ಬಂದರೆ ಮಗು ದೊಡ್ಡದಾದ ಮೇಲೂ ಹಾಗೇ ಬಿಡಿಸಿ ಹೇಳ್ತಿರಬೇಕು.
3. ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ತೋರಿಸಿ ಪಕ್ಕದ ಮನೆಯವರಿಂದ ಓದಿಸಿ.
4. ಒಂದು ಚೀಟಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಕೌಂಟರ್‌ಗೆ ಹೋದರೂ ಬಾಯಲ್ಲಿ ಹೇಳಬೇಡಿ, ಚೀಟಿ ಕೊಡಿ.

ಅರ್ಜಿ ತುಂಬುವ ಆನ್‌ಲೈನ್ ಸೆಂಟರ್, ಡಿಟಿಪಿ ಅಂಗಡಿಯವರಿಗೂ ಒಂದು ಮಾತು. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕಂಪ್ಯೂಟರ್ ತಾನೇ ಕನ್ನಡ ಮಾಡುತ್ತದೆ, ಧ ಹೋಗಿ ದ, ಳ ಹೋಗಿ ಲ ಆಗೋದು ಅಲ್ಲೇ. ಸಬ್ಮಿಟ್ ಒತ್ತುವ ಮೊದಲು ಸ್ಕ್ರೀನನ್ನು ತಂದೆ ತಾಯಿಯ ಕಡೆ ತಿರುಗಿಸಿ, ಎರಡೂ ಭಾಷೆಯಲ್ಲಿ ಓದಿಸಿ. ಎರಡು ನಿಮಿಷ ಜಾಸ್ತಿ ಆಗಬಹುದು, ಆದರೆ ಆ ಮನೆಯವರು ತಿದ್ದುಪಡಿ ಮಾಡಿಸಲು ಮತ್ತೆ ಬರಬೇಕಾಗಲ್ಲ.