ಬಾಲವಷ್ಟೇ ಅಲ್ಲ, ಕಣ್ಣೂ ಮಾತಾಡುತ್ತದೆ

ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ. ಬಂದವರು ಹೊರಗೇ ನಿಂತು ಹಿಂದೆಮುಂದೆ ನೋಡುತ್ತಿದ್ದರೆ ಒಳಗಿನಿಂದ ಮನೆಯವರ ಅಭಯ: ‘ಬನ್ನಿ ಬನ್ನಿ, ಅದು ಏನೂ ಮಾಡೋದಿಲ್ಲ!’ ಫಲಕವನ್ನು ನಂಬಬೇಕೋ, ಮನೆಯವರನ್ನು ನಂಬಬೇಕೋ? ಎರಡನ್ನೂ ಪಕ್ಕಕ್ಕಿಟ್ಟು ನಾಯಿಯನ್ನೇ ಕೇಳುವುದು ಒಳ್ಳೆಯದು. ಅದು ಖಂಡಿತ ಉತ್ತರ ಕೊಡುತ್ತದೆ. ಬಾಯಿಂದಲ್ಲ, ಕಣ್ಣು, ಕಿವಿ, ಬಾಲ, ಬೆನ್ನು, ನಿಂತ ನಿಲುವು ಇವೆಲ್ಲದರಿಂದ.

ಆದರೆ ಆ ಉತ್ತರ ನಮಗೆ ಅರ್ಥವಾಗುತ್ತದೆಯೇ ಎಂಬುದೇ ಪ್ರಶ್ನೆ. ಬಾಲ ಆಡಿಸಿದರೆ ಪ್ರೀತಿ, ಬೊಗಳಿದರೆ ಕೋಪ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವ ನಾಯಿಭಾಷೆ ಇಷ್ಟೇ. ಮನೆಯಲ್ಲಿ ಮಕ್ಕಳೂ ನಾಯಿಯೂ ಒಟ್ಟಿಗೆ ಇರುವಾಗ ಇಷ್ಟು ಸಾಲದು.

ಹಳೆಯ ಸ್ನೇಹ

ನಾಯಿಯ ಸ್ನೇಹ ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಾಲದ ಶಿಲಾಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪು ಆ ಕಲ್ಲಿನಲ್ಲಿದೆ. ಹಂದಿಯ ಮೇಲೆ ಎರಗುತ್ತಿರುವ ನಾಯಿಯ ಚಿತ್ರವನ್ನೂ ಶಿಲ್ಪಿ ಅದರಲ್ಲಿ ಕೆತ್ತಿದ್ದಾನೆ. ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿ ಗೌರವಿಸಿದ ನಾಡು ನಮ್ಮದು.

ನಾಯಿಯ ಹಾವಭಾವವನ್ನು ವಿಜ್ಞಾನಿಯ ಕಣ್ಣಿನಿಂದ ನೋಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖ. ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ 1872ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ತನ್ನ ಮನೆಯ ನಾಯಿಯ ಪ್ರಸಂಗವೊಂದಿದೆ. ಯಜಮಾನನ ಜೊತೆ ತಿರುಗಾಟಕ್ಕೆ ಹೊರಟ ನಾಯಿ ತಲೆ, ಕಿವಿ, ಬಾಲ ಎತ್ತಿಕೊಂಡು ಗತ್ತಿನಿಂದ ಮುಂದೆ ನಡೆಯುತ್ತಿತ್ತಂತೆ. ದಾರಿಯಲ್ಲಿ ಡಾರ್ವಿನ್ ತನ್ನ ಪ್ರಯೋಗದ ಗಿಡಗಳನ್ನು ನೋಡಲು ಗಾಜಿನ ಮನೆಯ ಕಡೆ ತಿರುಗಿದರೆ ಸಾಕು, ತಿರುಗಾಟ ಇವತ್ತಿಗೆ ಇಷ್ಟೇ ಎಂದು ಅದಕ್ಕೆ ತೋರಿ ಕ್ಷಣದಲ್ಲಿ ತಲೆ ತಗ್ಗಿ, ಕಿವಿ ಬಾಲ ಜೋತು, ಇಡೀ ಮೈ ಕುಗ್ಗಿಬಿಡುತ್ತಿತ್ತು. ಮನೆಯವರು ಅದಕ್ಕೆ ‘ಗಾಜಿನ ಮನೆಯ ಮುಖ’ ಎಂದೇ ಹೆಸರಿಟ್ಟಿದ್ದರು.

ಸಿಟ್ಟಿನ ನಾಯಿ ಮೈಯನ್ನು ಹಿಗ್ಗಿಸಿ, ನೆಟ್ಟಗೆ, ಬಿಗಿಯಾಗಿ ನಿಲ್ಲುತ್ತದೆ. ಪ್ರೀತಿಯ ನಾಯಿ ಅದಕ್ಕೆ ತದ್ವಿರುದ್ಧವಾಗಿ ಮೈಯನ್ನು ಬಳುಕಿಸಿ, ಸಡಿಲ ಬಿಟ್ಟು ಬರುತ್ತದೆ. ಡಾರ್ವಿನ್ ತೋರಿಸಿದ ಈ ವ್ಯತ್ಯಾಸವೊಂದನ್ನು ತಿಳಿದರೂ ಅರ್ಧ ಪಾಠ ಮುಗಿದಂತೆ. ಬಿಗಿದ ಮೈ ಎಂದರೆ ಎಚ್ಚರ, ಸಡಿಲ ಮೈ ಎಂದರೆ ನೆಮ್ಮದಿ.

ನೋಟ ಒಂದು, ಅರ್ಥ ಎರಡು

‘ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು’ ಎಂದು ಮಕ್ಕಳನ್ನು ಗದರಿಸುತ್ತೇವೆ. ನಮ್ಮಲ್ಲಿ ನೇರ ನೋಟವೆಂದರೆ ಪ್ರಾಮಾಣಿಕತೆ. ನಾಯಿಗಳ ನಡುವೆ ಹಾಗಲ್ಲ. ಗುರುತಿಲ್ಲದ ನಾಯಿಯೊಂದು ರೆಪ್ಪೆ ಬಡಿಯದೆ ಇನ್ನೊಂದನ್ನು ದುರುಗುಟ್ಟಿ ನೋಡಿತೆಂದರೆ ಅದು ಸವಾಲು. ಆದ್ದರಿಂದಲೇ ಎರಡು ಸಭ್ಯ ನಾಯಿಗಳು ಎದುರಾದಾಗ ಮುಖ ಓರೆ ಮಾಡಿ, ಬಳಸಿಕೊಂಡು ಹತ್ತಿರ ಬಂದು ಮೂಸುತ್ತವೆ. ಅಪರಿಚಿತ ನಾಯಿಯ ಮುಂದೆ ಮಗು ಕುಕ್ಕರಗಾಲಲ್ಲಿ ಕೂತು ಅದರ ಕಣ್ಣನ್ನೇ ನೋಡುತ್ತಾ ನಕ್ಕರೆ ನಮಗದು ಮುದ್ದಾದ ದೃಶ್ಯ. ನಾಯಿಗೆ ಕಾಣುವುದು ನೆಟ್ಟ ಕಣ್ಣು ಮತ್ತು ಬಿಟ್ಟ ಹಲ್ಲು.

ಹಾಗಾದರೆ ನಮ್ಮ ಮನೆಯ ನಾಯಿ ಗಂಟೆಗಟ್ಟಲೆ ನಮ್ಮ ಮುಖವನ್ನೇ ನೋಡುತ್ತದಲ್ಲ, ಅದೇನು? ಅದು ಬೇರೆಯೇ ನೋಟ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ನಾಯಿ ಕಲಿತ ನೋಟ ಅದು. ಹಂಗೇರಿಯ ಬುಡಾಪೆಸ್ಟ್‌ನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ನಾಯಿಗಳಿಗೂ, ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಿಗೂ ತಿಂಡಿಯನ್ನು ಹೊರತೆಗೆಯುವ ಉಪಾಯ ಕಲಿಸಿದರು. ಬಳಿಕ ಆ ತಿಂಡಿ ಎಷ್ಟು ಒದ್ದಾಡಿದರೂ ಸಿಗದಂತೆ ಮಾಡಿದರು. ತೋಳಗಳು ತಮ್ಮ ಪಾಡಿಗೆ ಒದ್ದಾಡುತ್ತಲೇ ಇದ್ದವು. ನಾಯಿಗಳು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಿ, ‘ಸ್ವಲ್ಪ ಸಹಾಯ ಮಾಡಬಾರದೇ?’ ಎಂಬಂತೆ ಮನುಷ್ಯನ ಮುಖ ನೋಡಿದವು!

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ತಾಯಿ ಮಗುವಿನ ಬಾಂಧವ್ಯದಲ್ಲಿ ಪಾತ್ರ ವಹಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು, ನಾಯಿ ಮತ್ತು ಒಡೆಯ ಹೆಚ್ಚು ಹೊತ್ತು ಪರಸ್ಪರ ನೋಡಿದಾಗ ಇಬ್ಬರಲ್ಲೂ ಏರಿತ್ತು. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಪುಟ್ಟ ಸ್ನಾಯುವೊಂದು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಹೆಸರಿಗಷ್ಟೇ ಇದೆ ಎಂಬುದು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಊಟದ ತಟ್ಟೆಯ ಪಕ್ಕ ಕೂತು, ಹುಬ್ಬೆತ್ತಿ ನೋಡಿ, ಕೈಯಲ್ಲಿದ್ದ ಚಪಾತಿ ಚೂರನ್ನು ಸಂಪಾದಿಸುವ ಆ ಮುಖದ ಹಿಂದೆ ಈ ಸ್ನಾಯುವಿನ ಕೈವಾಡವಿದೆ.

ಎರಡು ನೋಟಗಳನ್ನು ಬೇರ್ಪಡಿಸುವುದು ಹೇಗೆ? ಪ್ರೀತಿಯ ನೋಟದಲ್ಲಿ ಕಣ್ಣು ಅರೆತೆರೆದು ಮೃದುವಾಗಿರುತ್ತದೆ, ರೆಪ್ಪೆ ಆಡುತ್ತಿರುತ್ತದೆ, ಬಾಯಿ ಸ್ವಲ್ಪ ತೆರೆದಿರುತ್ತದೆ, ಮೈ ಸಡಿಲ. ಎಚ್ಚರಿಕೆಯ ನೋಟದಲ್ಲಿ ಕಣ್ಣು ಅಗಲವಾಗಿ ನೆಟ್ಟಿರುತ್ತದೆ, ಬಾಯಿ ಮುಚ್ಚಿರುತ್ತದೆ, ಮೈ ಮರಗಟ್ಟಿದಂತೆ ನಿಲ್ಲುತ್ತದೆ. ಮೂರನೆಯದೊಂದು ನೋಟವೂ ಇದೆ. ತಲೆಯನ್ನು ಆಚೆ ತಿರುಗಿಸಿ, ಕಣ್ಣನ್ನು ಮಾತ್ರ ಈಚೆ ಹೊರಳಿಸಿ, ಕಣ್ಣಿನ ಬಿಳಿಭಾಗ ಅರ್ಧಚಂದ್ರನಂತೆ ಕಾಣುವ ನೋಟ. ‘ನನಗೆ ಇದು ಹಿಡಿಸುತ್ತಿಲ್ಲ, ಬಿಟ್ಟುಬಿಡು’ ಎಂದು ಅದರ ಅರ್ಥ. ಮಗು ನಾಯಿಯ ಕುತ್ತಿಗೆಗೆ ಜೋತುಬಿದ್ದ ಫೋಟೋಗಳು ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಮಗುವಿನ ಮುಖವನ್ನಲ್ಲ, ನಾಯಿಯ ಕಣ್ಣನ್ನು.

ಬಾಲದ ಡೊಂಕು, ಕಿವಿಯ ನೆಟ್ಟಗೆ

ಬಾಲ ಆಡಿಸುವುದೆಲ್ಲ ಪ್ರೀತಿಯಲ್ಲ. ‘ನಾನು ಉದ್ವೇಗದಲ್ಲಿದ್ದೇನೆ’ ಎಂದಷ್ಟೇ ಅದರ ಅರ್ಥ. ಯಾವ ಉದ್ವೇಗ ಎಂಬುದನ್ನು ಬಾಲದ ಎತ್ತರ ಮತ್ತು ಮೈಯ ಬಿಗಿ ಹೇಳಬೇಕು. ಸೊಂಟವೂ ಸೇರಿ ಅಗಲವಾಗಿ ಬೀಸುವ ಬಾಲ ಸ್ವಾಗತದ್ದು. ಬಾವುಟದ ಕಂಬದಂತೆ ಮೇಲೆದ್ದು ತುದಿ ಮಾತ್ರ ಸರಸರ ಅಲುಗುವ ಬಾಲ ಎಚ್ಚರಿಕೆಯದು. ಹಿಂಗಾಲುಗಳ ನಡುವೆ ಸೇರಿದ ಬಾಲ ಭಯದ್ದು. ಇಟಲಿಯ ವಿಜ್ಞಾನಿಗಳು 2007ರಲ್ಲಿ ಕಂಡುಕೊಂಡಂತೆ, ಒಡೆಯನನ್ನು ಕಂಡ ನಾಯಿಯ ಬಾಲ ಅದರ ಬಲಗಡೆಗೆ ಹೆಚ್ಚು ವಾಲಿ ಆಡುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಗಡೆಗೆ!

ತಳಿಯನ್ನೂ ಗಮನಿಸಬೇಕು. ಪಮೇರಿಯನ್‌ನ ಬಾಲ ಹುಟ್ಟಿನಿಂದಲೇ ಬೆನ್ನಮೇಲೆ ಸುರುಳಿ. ಅದನ್ನು ಗರ್ವ ಎಂದುಕೊಳ್ಳಬಾರದು. ಲ್ಯಾಬ್ರಡಾರ್‌ನ ಕಿವಿ ಸದಾ ಜೋತೇ ಇರುತ್ತದೆ. ಅದರ ಕಿವಿಯ ಬುಡವನ್ನು ನೋಡಬೇಕು. ಪಗ್‌ನ ಸುಕ್ಕುಮುಖದಲ್ಲಿ ಭಾವನೆ ಹುಡುಕುವುದು ಕಷ್ಟ. ಬಾಲ ಕತ್ತರಿಸಿದ ಡಾಬರ್‌ಮನ್ ಅರ್ಧ ಮಾತು ಕಳೆದುಕೊಂಡಂತೆಯೇ ಸರಿ. ನಮ್ಮ ನಾಡಿನ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಮುಧೋಳ ನಾಯಿ, ಪರಿಚಯವಿಲ್ಲದವರು ಮೈಮುಟ್ಟುವುದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ಆದ್ದರಿಂದ ನಿಮ್ಮ ನಾಯಿ ನೆಮ್ಮದಿಯಾಗಿದ್ದಾಗ ಅದರ ಕಿವಿ, ಬಾಲ ಹೇಗಿರುತ್ತವೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಅದರಿಂದ ಎಷ್ಟು ಬದಲಾಗಿದೆ ಎಂಬುದೇ ಮುಖ್ಯ.

ಬೊಗಳುವ ನಾಯಿ ಕಚ್ಚುವುದಿಲ್ಲವೇ?

ಗಾದೆ ಹಾಗೆನ್ನುತ್ತದೆ. ಗಾದೆಯನ್ನು ನಂಬಿ ಕೈ ಚಾಚುವುದು ಬೇಡ. ಆದರೆ ಅದರಲ್ಲಿ ಒಂದು ಸತ್ಯಾಂಶವಿದೆ: ಬೊಗಳುವ, ಗುರುಗುಟ್ಟುವ ನಾಯಿ ಇನ್ನೂ ಮಾತಿನ ಹಂತದಲ್ಲಿದೆ. ಸಾಮಾನ್ಯವಾಗಿ ನಾಯಿ ಮೆಟ್ಟಿಲು ಮೆಟ್ಟಿಲಾಗಿ ಎಚ್ಚರಿಸುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿಂಡಿ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಎದ್ದು ಬೇರೆಡೆಗೆ ಹೋಗುವುದು ಮೊದಲ ಮೆಟ್ಟಿಲುಗಳು. ನಾರ್ವೆಯ ನಾಯಿ ತರಬೇತುಗಾರ್ತಿ ಟುರಿಡ್ ರುಗಾಸ್ ಇಂಥ ಹಲವು ಸೂಚನೆಗಳನ್ನು ಪಟ್ಟಿಮಾಡಿ ‘ಶಾಂತಗೊಳಿಸುವ ಸಂಜ್ಞೆಗಳು’ ಎಂದು ಕರೆದರು. ಅವಕ್ಕೆ ಬೆಲೆ ಸಿಗದಿದ್ದರೆ ಮೈ ಮರಗಟ್ಟುತ್ತದೆ, ಆಮೇಲೆ ಗುರುಗುಟ್ಟು, ಆಮೇಲೆ ಹಲ್ಲು ತೋರಿಕೆ, ಕೊನೆಗೆ ಕಡಿತ. ‘ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು’ ಎಂದು ನಾವು ಹೇಳುವ ಎಷ್ಟೋ ಪ್ರಸಂಗಗಳಲ್ಲಿ ನಾಯಿ ನಾಲ್ಕು ಸಲ ಹೇಳಿರುತ್ತದೆ, ನಾವು ಕೇಳಿರುವುದಿಲ್ಲ.

ಇಲ್ಲಿ ತಂದೆ ತಾಯಂದಿರು ಮಾಡುವ ಕೆಲಸವೊಂದಿದೆ. ನಾಯಿ ಮಗುವಿನತ್ತ ಗುರುಗುಟ್ಟಿದರೆ ನಾಯಿಗೆ ಒಂದೇಟು ಬೀಳುತ್ತದೆ. ಒಂದೆರಡು ಸಲ ಏಟು ತಿಂದ ನಾಯಿ ಗುರುಗುಟ್ಟುವುದನ್ನು ನಿಲ್ಲಿಸಬಹುದು. ಆದರೆ ಅದರ ಭಯ ನಿಲ್ಲುವುದಿಲ್ಲ. ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿ ಬೆಂಕಿಯನ್ನು ಹಾಗೇ ಬಿಟ್ಟಂತಾಯಿತು. ಗುರುಗುಟ್ಟಿದಾಗ ಮಗುವನ್ನು ನಿಧಾನವಾಗಿ ದೂರ ಕರೆಯಿರಿ, ನಾಯಿಗೆ ಏಕೆ ಕಷ್ಟವಾಯಿತೆಂದು ಹುಡುಕಿ. ಊಟದ ಬಟ್ಟಲಿಗೆ ಮಗು ಕೈ ಹಾಕಿತೇ? ಮಲಗಿದ್ದಾಗ ಎಬ್ಬಿಸಿತೇ? ಕಿವಿನೋವು, ಕಾಲುನೋವು ಇದೆಯೇ? ಕಾರಣ ಸಿಗದಿದ್ದರೆ ಪಶುವೈದ್ಯರಿಗೆ ತೋರಿಸಿ.

ತಪ್ಪೊಪ್ಪಿಗೆಯೋ, ಅಂಜಿಕೆಯೋ?

ಚಪ್ಪಲಿ ಕಚ್ಚಿ ಹಾಳುಮಾಡಿದ ನಾಯಿ ತಲೆತಗ್ಗಿಸಿ, ಕಣ್ಣು ತಪ್ಪಿಸಿ ಕೂತಾಗ ‘ನೋಡಿ, ಮಾಡಿದ ತಪ್ಪು ಅದಕ್ಕೇ ಗೊತ್ತು’ ಎನ್ನುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ತಿನ್ನಬೇಡ ಎಂದು ಹೇಳಿ ತಿಂಡಿಯಿಟ್ಟು ಒಡೆಯರನ್ನು ಹೊರಕಳುಹಿಸಲಾಯಿತು. ಕೆಲವು ನಾಯಿಗಳು ತಿಂದಿದ್ದವು, ಕೆಲವು ತಿಂದಿರಲಿಲ್ಲ. ಆದರೆ ಒಡೆಯರಿಗೆ ಎಲ್ಲ ಸಲವೂ ನಿಜ ಹೇಳಲಿಲ್ಲ. ಆ ‘ತಪ್ಪಿತಸ್ಥ ಮುಖ’ ಹೆಚ್ಚಾಗಿ ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ. ಅವು ತಿಂದಿದ್ದವೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಅಂದರೆ ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿನ ಮುಖಕ್ಕೆ ಅದು ಕೊಟ್ಟ ಉತ್ತರ. ನಾವು ನಾಯಿಯನ್ನು ಓದಲು ಕಲಿಯುವ ಮೊದಲೇ ಅದು ನಮ್ಮನ್ನು ಓದಿ ಮುಗಿಸಿರುತ್ತದೆ! ಬೆಳಿಗ್ಗೆ ಮಾಡಿದ ತಪ್ಪಿಗೆ ಸಂಜೆ ಹೊಡೆದರೆ ಅದಕ್ಕೆ ಅರ್ಥವಾಗುವುದು ಒಂದೇ: ಸಂಜೆ ಮನೆಗೆ ಬರುವ ಯಜಮಾನ ಅಪಾಯಕಾರಿ.

ಮಕ್ಕಳಿಗೆ ನಾಲ್ಕು ಮಾತು

ಅಪ್ಪಿಕೊಳ್ಳುವುದು ನಮ್ಮ ಪ್ರೀತಿ, ನಾಯಿಯದಲ್ಲ. ಕುತ್ತಿಗೆ ಬಳಸಿ ಹಿಡಿದರೆ ಎಷ್ಟೋ ನಾಯಿಗಳಿಗೆ ಉಸಿರುಕಟ್ಟಿದಂತಾಗುತ್ತದೆ. ನಾಯಿಯ ಮುಖಕ್ಕೆ ಮುಖ ತಾಗಿಸಬೇಡಿ. ಚಿಕ್ಕ ಮಕ್ಕಳಿಗೆ ಮುಖದ ಮೇಲೇ ಕಡಿತವಾಗುವ ಸಂಭವ ಹೆಚ್ಚು. ಮುಟ್ಟುವ ಮೊದಲು ಒಡೆಯರನ್ನು ಕೇಳಿ, ಆಮೇಲೆ ನಾಯಿಯನ್ನು ಕೇಳಿ. ಪಕ್ಕಕ್ಕೆ ತಿರುಗಿ ನಿಲ್ಲಿ, ಕಣ್ಣು ನೆಡಬೇಡಿ, ಅದು ತಾನಾಗಿ ಬಂದು ಮೂಸಲಿ. ಬಂದರೆ ಎದೆಯ ಬಳಿ, ಭುಜದ ಬಳಿ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಬೇಕೆಂದರೆ ಅದೇ ಒತ್ತಿಕೊಂಡು ಬರುತ್ತದೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ನಿಂತರೆ ಅದು ಆಟದ ಕರೆ.

ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಕಿರುಚಬೇಡಿ. ಮರದಂತೆ ನಿಂತು, ಕೈಗಳನ್ನು ಮೈಗೆ ಸೇರಿಸಿ, ನೆಲ ನೋಡಿ. ಅದು ಸುಮ್ಮನಾದ ಮೇಲೆ ಬೆನ್ನು ತೋರಿಸದೆ ಮೆಲ್ಲನೆ ಹಿಂದೆ ಸರಿಯಿರಿ.

ಒಂದು ವಿಷಯದಲ್ಲಿ ಮಾತ್ರ ಯಾವ ಭಾಷಾಜ್ಞಾನವೂ ಉಪಯೋಗಕ್ಕೆ ಬರುವುದಿಲ್ಲ. ಅದು ರೇಬೀಸ್. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಸಕಾಲದ ಲಸಿಕೆಯಿಂದ ಅದನ್ನು ಖಂಡಿತ ತಡೆಯಬಹುದು. ಕಡಿತವಿರಲಿ, ಹಲ್ಲು ತಾಗಿದ ಸಣ್ಣ ಗೀರಿರಲಿ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚುವುದು ಬೇಡ. ಮನೆಯ ನಾಯಿಯೇ ಆದರೂ ಅಲಕ್ಷ್ಯ ಕೂಡದು. ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುವ ಮಕ್ಕಳಿದ್ದಾರೆ. ‘ನಾಯಿ ತಾಗಿದರೆ ಮೊದಲು ನನಗೆ ಹೇಳು, ಬೈಯುವುದಿಲ್ಲ’ ಎಂದು ಇವತ್ತೇ ಮಗುವಿಗೆ ಮಾತು ಕೊಡಿ.

ವಿದ್ಯಾರ್ಥಿಗಳಿಗೊಂದು ಕೆಲಸ: ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಒಂದು ವಾರ, ದಿನಕ್ಕೆ ಹತ್ತು ನಿಮಿಷ, ದೂರದಲ್ಲಿ ಕೂತು ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ನಾಯಿಯನ್ನು ಗಮನಿಸಿ. ಕಣ್ಣು, ಕಿವಿ, ಬಾಯಿ, ಬಾಲ, ಮೈ ಎಂದು ಐದು ಅಂಕಣ ಗೆರೆ ಹಾಕಿ. ಅಂಚೆಯವರು ಬಂದಾಗ, ಊಟದ ಹೊತ್ತಿನಲ್ಲಿ, ಪಟಾಕಿ ಸದ್ದಿಗೆ ಏನೇನು ಬದಲಾಯಿತೆಂದು ಬರೆಯಿರಿ. ‘ಖುಷಿ’, ‘ಕೋಪ’ ಎಂದು ಬರೆಯುವ ಆತುರ ಬೇಡ, ಕಂಡದ್ದನ್ನಷ್ಟೇ ಬರೆಯಿರಿ. ವಾರದ ಕೊನೆಗೆ ಮನೆಯವರಿಗೆಲ್ಲ ಓದಿ ಹೇಳಿ. ಗೇಟಿನ ಫಲಕಕ್ಕಿಂತ ಆ ಪುಟಗಳು ಹೆಚ್ಚು ಕೆಲಸಕ್ಕೆ ಬರುತ್ತವೆ.