ಹಳೆಯ ಸಲಹೆ, ಹೊಸ ಲ್ಯಾಪ್‌ಟಾಪ್

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಮನೆಯಲ್ಲಿ ಮುಂದಿನ ಚರ್ಚೆ ಲ್ಯಾಪ್‌ಟಾಪಿನದು. 'ಕೊಂಡರೆ ಐ7 ಕೊಳ್ಳಿ' ಎನ್ನುತ್ತಾರೆ ಸೋದರಮಾವ. 'ಬ್ಯಾಟರಿ ಪೂರ್ತಿ ಇಳಿದ ಮೇಲೆಯೇ ಚಾರ್ಜಿಗೆ ಹಾಕಬೇಕು' ಎನ್ನುತ್ತಾರೆ ಪಕ್ಕದ ಮನೆಯವರು. 'ಒಂದು ಟಿಬಿ ಇದೆ ಸಾರ್, ಇನ್ನೇನು ಬೇಕು?' ಎನ್ನುತ್ತಾರೆ ಅಂಗಡಿಯವರು. ಈ ಮಾತುಗಳನ್ನು ಯಾರೂ ಸುಮ್ಮನೆ ಹುಟ್ಟಿಸಿದ್ದಲ್ಲ; ಪ್ರತಿಯೊಂದಕ್ಕೂ ಒಂದು ಕಾಲದಲ್ಲಿ ಗಟ್ಟಿ ಕಾರಣವಿತ್ತು. ಆ ಕಾರಣ ಈಗಲೂ ಉಳಿದಿದೆಯೇ ಎಂದು ನೋಡಿಕೊಂಡೇ ಹಣ ಕೊಡಬೇಕು.

ಬ್ಯಾಟರಿಯ ಸಲಹೆ ನಿಕಲ್-ಕ್ಯಾಡ್ಮಿಯಂ ಕಾಲದ್ದು. ಆ ಬ್ಯಾಟರಿಗಳನ್ನು ಪೂರ್ತಿ ಖಾಲಿಯಾಗುವ ಮೊದಲೇ ಮತ್ತೆ ಮತ್ತೆ ಚಾರ್ಜ್ ಮಾಡುತ್ತಿದ್ದರೆ ಕ್ರಮೇಣ ಅವು ಅದೇ ಮಟ್ಟಕ್ಕೆ ಬಂದಾಗ ಸೋಲುತ್ತಿದ್ದವು. ಆಗ ಪೂರ್ತಿ ಇಳಿಸುವುದೇ ಮದ್ದಾಗಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ 2019ರ ರಸಾಯನಶಾಸ್ತ್ರ ನೊಬೆಲ್ ಪಡೆದರು. ಇಂದು ಲ್ಯಾಪ್‌ಟಾಪ್, ಟ್ಯಾಬ್, ಫೋನುಗಳಲ್ಲಿ ಇರುವುದು ಇದೇ ಬಗೆಯ ಬ್ಯಾಟರಿ.

ಇದು ಮುಪ್ಪಾಗುವ ರೀತಿಯೇ ಬೇರೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್‌ನ ಪದರಗಳೊಳಗೆ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಗ್ರಾಫೈಟ್‌ನ ಮೇಲೆ ತೆಳುವಾದ ಪೊರೆಯೊಂದು ಕಟ್ಟಿಕೊಂಡು, ಒಂದಷ್ಟು ಲಿಥಿಯಂ ಅದರಲ್ಲೇ ಶಾಶ್ವತವಾಗಿ ಸಿಕ್ಕಿಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ, ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲೇ ಇದ್ದಷ್ಟೂ ಈ ಮುಪ್ಪು ಬೇಗ ಬರುತ್ತದೆ. ಪದೇ ಪದೇ ಸೊನ್ನೆಗೆ ಇಳಿಸುವುದೂ ಒಳ್ಳೆಯದಲ್ಲ. ಆದ್ದರಿಂದ ಅರ್ಧದಲ್ಲೇ ಚಾರ್ಜಿಗೆ ಹಾಕಲು ಹಿಂಜರಿಯಬೇಕಿಲ್ಲ. ದಿನವಿಡೀ ಪ್ಲಗ್‌ಗೆ ಸಿಕ್ಕಿಸಿಯೇ ಕೆಲಸ ಮಾಡುವವರು, ಚಾರ್ಜ್ ಶೇ 80ಕ್ಕೆ ನಿಲ್ಲುವ ಸೆಟ್ಟಿಂಗ್ ತಮ್ಮ ಲ್ಯಾಪ್‌ಟಾಪಿನಲ್ಲಿದ್ದರೆ ಅದನ್ನು ಆನ್ ಮಾಡಿಕೊಳ್ಳುವುದು ಲೇಸು. ಹಾಸಿಗೆಯ ಮೇಲಿಟ್ಟು ಗಾಳಿ ಹೋಗುವ ಕಿಂಡಿಗಳನ್ನು ಮುಚ್ಚದಿರುವುದು ಇನ್ನೂ ಲೇಸು.

ಇನ್ನು ಐ7. ಇಂಟೆಲ್ ಈ ಹೆಸರನ್ನು 2008ರಲ್ಲಿ ತಂದಿತು. 2009ರಲ್ಲಿ ಐ5, 2010ರಲ್ಲಿ ಐ3 ಬಂದವು. ಈ ಅಂಕಿಗಳು ಒಂದೇ ತಲೆಮಾರಿನ, ಒಂದೇ ವರ್ಗದ ಚಿಪ್‌ಗಳ ನಡುವಣ ಮೇಲು-ಕೆಳಗನ್ನು ಹೇಳುತ್ತವೆ. ತಲೆಮಾರು ದಾಟಿದರೆ ಲೆಕ್ಕ ತಪ್ಪುತ್ತದೆ. 2016ರ ಐ7-7500ಯು ಚಿಪ್‌ನಲ್ಲಿ ಇದ್ದದ್ದು ಎರಡು ಕೋರ್. ಮರುವರ್ಷದ ಐ5-8250ಯು ಚಿಪ್‌ನಲ್ಲಿ ನಾಲ್ಕು. ಎರಡೂ 15 ವಾಟ್ ವರ್ಗದವೇ. ಹಲವು ಕೋರ್‌ಗಳಿಗೆ ಹಂಚಬಹುದಾದ ಕೆಲಸ ಕೊಟ್ಟರೆ ಐ5 ಮುಂದೆ ಓಡುತ್ತದೆ. ಜೊತೆಗೆ ಶಾಖದ ಮಿತಿಯೂ ಇದೆ. ತೆಳುವಾದ ಕವಚದಿಂದ ಬಿಸಿ ಬೇಗ ಹೊರಹೋಗದಿದ್ದರೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗ ಸ್ಟಿಕ್ಕರ್ ಏನೇ ಹೇಳಿದರೂ ಕೈಗೆ ಸಿಗುವುದು ಆ ತಗ್ಗಿದ ವೇಗವೇ.

'ಒಂದು ಟಿಬಿ' ಎಂದಾಗ ಕೇಳಬೇಕಾದ ಮರುಪ್ರಶ್ನೆ: ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗುತ್ತದೆ. ನಿಮಿಷಕ್ಕೆ 5,400 ಸುತ್ತಿನ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ಮೊನೆಯ ಕೆಳಗೆ ಬರುವ ತನಕ ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊನೆ ಸರಿಯುವ ಹೊತ್ತು ಬೇರೆ. ಕಂಪ್ಯೂಟರ್ ಆನ್ ಆಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದುವುದರಿಂದ ಈ ಕಾಯುವಿಕೆಗಳೆಲ್ಲ ಕೂಡಿ ನಿಮಿಷಗಳಾಗುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಕೆಲಸ ನೂರಾರು ಪಟ್ಟು ಚುರುಕು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಜೀವ ಬಂದಂತೆ ಅನಿಸುವುದು ಇದರಿಂದಲೇ. ಹಾಗಾಗಿ 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ ಇರುವ ಯಂತ್ರಕ್ಕಿಂತ 512 ಜಿಬಿ ಎಸ್‌ಎಸ್‌ಡಿ ಇರುವುದು ದಿನಬಳಕೆಗೆ ಎಷ್ಟೋ ಮೇಲು. ಅದು ವಿಂಡೋಸ್‌ನಲ್ಲಿ 476 ಎಂದು ಕಂಡರೆ ಗಾಬರಿ ಬೇಡ: ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕಗಳಲ್ಲಿ ಎಣಿಸುತ್ತದೆ.

ಯಾರೂ ಅಷ್ಟಾಗಿ ಕೇಳದ ಪ್ರಶ್ನೆ ರ‍್ಯಾಮ್‌ನದು. ರ‍್ಯಾಮ್ ಸಾಲದಾದಾಗ ಕಂಪ್ಯೂಟರ್ ಅದರಲ್ಲಿದ್ದುದನ್ನು ನಿಧಾನವಾದ ಸಂಗ್ರಹಕ್ಕೆ ಸಾಗಿಸಿ ಮತ್ತೆ ತರುತ್ತಿರುತ್ತದೆ. ಎಷ್ಟೇ ಚುರುಕಿನ ಚಿಪ್ ಇದ್ದರೂ ಕಾಯಬೇಕು. ಹಿಂದೆ ಬೇಕೆಂದಾಗ ರ‍್ಯಾಮ್ ಕಾರ್ಡ್ ಸೇರಿಸಬಹುದಿತ್ತು. ಈಗ ಟ್ಯಾಬ್‌ಗಳಲ್ಲಿ ಮಾತ್ರವಲ್ಲ, ಬಹಳಷ್ಟು ತೆಳು ಲ್ಯಾಪ್‌ಟಾಪುಗಳಲ್ಲೂ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. 'ಮುಂದೆ ಹಾಕಿಸಿದರಾಯಿತು' ಎಂಬ ಹಳೆಯ ಸಮಾಧಾನ ಅಲ್ಲಿ ನಡೆಯದು.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು: ಚಿಪ್ ಯಾವ ತಲೆಮಾರಿನದು, ರ‍್ಯಾಮ್ ಮತ್ತು ಸಂಗ್ರಹವನ್ನು ಮುಂದೆ ಹೆಚ್ಚಿಸಬಹುದೇ, ಬ್ಯಾಟರಿ ಬದಲಿಸಲು ಸಿಗುತ್ತದೆಯೇ. ನಾಲ್ಕು ವರ್ಷದ ಓದಿಗೆ ಕೊಳ್ಳುವವರು ಐ7ಗೆ ಕೊಡುವ ಹೆಚ್ಚುವರಿ ಹಣವನ್ನು ಇತ್ತೀಚಿನ ಐ5, 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ತಿರುಗಿಸಿದರೆ, ಆ ಹಣ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ವರೆಗೂ ಪ್ರತಿದಿನ ಕೆಲಸಕ್ಕೆ ಬರುತ್ತದೆ.