ಜಿಲಾಂಗಿನ ಅಗ್ರಗಣ್ಯ ಆಟಗಾರರು ಯಾರು?

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಜಿಲಾಂಗ್ ಎಂಬ ರೇವುಪಟ್ಟಣವುಂಟು. ಅಲ್ಲಿನ ಕಾಲ್ಚೆಂಡಾಟದ ಸಂಘವು 1859ರಲ್ಲಿ ಸ್ಥಾಪಿತವಾದುದು. ಆ ದೇಶದ ಆಟದಲ್ಲಿ ಅಂಡಾಕಾರದ ಚೆಂಡನ್ನು ಒದೆಯುವುದೂ ಉಂಟು, ಕೈಯಿಂದ ಗುದ್ದಿ ಸಂಗಡಿಗನಿಗೆ ದಾಟಿಸುವುದೂ ಉಂಟು. ಈಚಿನ ಕಾಲದಲ್ಲಿ ಈ ಸಂಘದ ಅಗ್ರಗಣ್ಯರು ಯಾರೆಂಬ ಚರ್ಚೆ ಬಂದಾಗ ಮೂವರನ್ನು ನೆನೆಯದೆ ತೀರದು.

ಹಿರಿಯ ಗ್ಯಾರಿ ಏಬ್ಲೆಟ್ಟರು 1989ರ ಅಂತಿಮ ಪಂದ್ಯದಲ್ಲಿ ತಾವೊಬ್ಬರೇ 9 ಗೋಲುಗಳನ್ನು ಹೊಡೆದರು. ಆದರೂ ತಂಡವು 6 ಅಂಕಗಳಿಂದ ಸೋತಿತು. ಅವರ ಕಾಲದಲ್ಲಿ ಸಂಘಕ್ಕೆ ವಿಜಯಪತಾಕೆಯು ಕೈಗೂಡಲೇ ಇಲ್ಲ. ಮಗನಾದ ಕಿರಿಯ ಗ್ಯಾರಿಯವರು 2007 ಮತ್ತು 2009ರ ವಿಜಯಗಳಲ್ಲಿ ಪಾಲುಗೊಂಡು, 2009ರಲ್ಲಿ ಬ್ರೌನ್‌ಲೋ ಪದಕವನ್ನೂ ಪಡೆದರು. ಆದರೆ ನಡುವೆ ಕೆಲವು ವರ್ಷ ಬೇರೆ ಸಂಘಕ್ಕೆ ಆಡಿದರು. ಜೋಯಲ್ ಸೆಲ್ವುಡ್ಡರಾದರೋ 2007ರಿಂದ 2022ರವರೆಗೆ ಇದೊಂದೇ ಸಂಘಕ್ಕಾಗಿ 355 ಪಂದ್ಯಗಳನ್ನಾಡಿ, ನಾಲ್ಕು ವಿಜಯಗಳನ್ನು ಕಂಡರು, 2012ರಿಂದ ನಾಯಕರಾಗಿದ್ದರು.

ಚಮತ್ಕಾರವನ್ನೆಣಿಸಿದರೆ ತಂದೆಗೂ, ನೈಪುಣ್ಯವನ್ನೆಣಿಸಿದರೆ ಮಗನಿಗೂ ಅಗ್ರತಾಂಬೂಲವು ಸಲ್ಲತಕ್ಕದ್ದೇ. ಆದರೆ ಸಂಘದ ಹಿರಿಮೆಯು ಅದರ ಭಾರವನ್ನು ಹೊತ್ತವರದು. 2022ರ ಅಂತಿಮ ಪಂದ್ಯದ ದಿನ ಸೆಲ್ವುಡ್ಡರು ಕಿರಿಯ ಏಬ್ಲೆಟ್ಟರ ಪುಟ್ಟ ಮಗನನ್ನು ತೋಳಿನಲ್ಲೆತ್ತಿಕೊಂಡು ಅಂಗಣಕ್ಕಿಳಿದರು. ಅಂದು ತಂಡವು 81 ಅಂಕಗಳಿಂದ ಗೆದ್ದಿತು. ನಮ್ಮ ಮತವು ಅವರಿಗೇ.